ದಾವಾವ್ ಊರಿನ ಹಗೇವು

ಫಿಲಿಪೈನ್ಸ್ ದೇಶದ ದಾವಾವ್ ನಗರದ ಚರಿತ್ರೆಯನ್ನು ನಾನು ಎರಡು ಸಲ ಕಲಿತೆ. ಮೊದಲ ಸಲ ನನ್ನ ತಮ್ಮನ ಮಗಳಿಂದ, ಭಾನುವಾರಕ್ಕೊಂದು ಪಾಠದಂತೆ, ಹೆಚ್ಚುಕಡಿಮೆ ಒಂದು ವರ್ಷ. ಎರಡನೆಯ ಸಲ ಹುಮನಾಬಾದಿನಲ್ಲಿ, ಕೈಯಲ್ಲಿದ್ದ ಚಹಾ ಆರುವಷ್ಟರಲ್ಲಿ, ಗುರುತಿಲ್ಲದ ಒಬ್ಬ ಹುಡುಗಿಯಿಂದ. ಎರಡನೆಯದು ನಿಜ. ಮೊದಲನೆಯದನ್ನು ಇವತ್ತಿಗೂ ತಲೆಯಿಂದ ಕಿತ್ತು ಹಾಕಲು ನನ್ನಿಂದ ಆಗಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದು ನೋಡಿದೆ, ಅದು ಇಳಿಯುವ ಲಕ್ಷಣ ಕಾಣಲಿಲ್ಲ.

ನಾನು ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತಳಾದವಳು. ಮದುವೆ ಆಗಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಉತ್ತರ ಕೊಟ್ಟು ಸಾಕಾಗಿದೆ, ಇಲ್ಲಿ ಕೊಡುವುದಿಲ್ಲ. ಮನೆಯಲ್ಲಿ ನಾನು ಮತ್ತು ಅವ್ವ. ಅವ್ವನಿಗೆ ತೊಂಬತ್ತು ದಾಟಿದೆ. ಕಣ್ಣು ಮಂದ, ಕಿವಿ ಮಾತ್ರ ಪಕ್ಕದ ಮನೆಯಲ್ಲಿ ಸೌಟು ಬಿದ್ದರೂ ಕೇಳಿಸಿಕೊಳ್ಳುತ್ತದೆ. ತಮ್ಮ ಹುಮನಾಬಾದಿನಲ್ಲಿ ಹೈವೇ ಪಕ್ಕ ಲಾರಿ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಒಬ್ಬಳೇ ಮಗಳು ಹೈಸ್ಕೂಲಿಗೆ ನನ್ನ ಹತ್ತಿರವೇ ಇದ್ದು ಓದಿದಳು. ಅವಳ ಜಡೆ ಹೆಣೆದವಳು ನಾನು, ಅವಳಿಗೆ ಜ್ವರ ಬಂದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟವಳು ನಾನು. ಅವಳು ಹೆತ್ತವ್ವನಿಗಿಂತ ನನಗೇ ಹೆಚ್ಚು ಹೊಂದಿಕೊಂಡಿದ್ದಳು ಎಂದು ಎದೆ ಉಬ್ಬಿಸಿ ಹೇಳಿಕೊಂಡು ತಿರುಗಿದವಳೂ ನಾನೇ.

ಅವಳಿಗೆ ಇಲ್ಲಿ ಡಾಕ್ಟರಿಕೆಯ ಸೀಟು ಸಿಗಲಿಲ್ಲ. ನಮ್ಮ ಕಡೆಯ ಮಕ್ಕಳು ಈಗ ದಾವಾವ್‌ಗೆ ಹೋಗಿ ಡಾಕ್ಟರಿಕೆ ಕಲಿಯುತ್ತಾರೆ. ಇವಳೂ ಹೊರಟಳು. ಹೊರಡುವ ದಿನ ನನ್ನ ಕಾಲು ಮುಟ್ಟಿ, "ಅತ್ತಿ, ಬರೋವಾಗ ನಿನಗೇನು ತರ್ಲಿ?" ಎಂದಳು.

"ನನಗ ಸೆಂಟ್ ಬ್ಯಾಡ, ಚಾಕಲೇಟ್ ಬ್ಯಾಡ," ಎಂದೆ. "ನೀ ಇರೋ ಊರಿನ ಕತಿ ತಿಳ್ಕೊಂಡು ನನಗ ಹೇಳು. ವಾರಕ್ಕೊಮ್ಮೆ ಫೋನ್ ಹಚ್ಚು, ಜರಾ ಜರಾ ಹೇಳು. ಅಷ್ಟ ಸಾಕು."

ಇದು ಮುದುಕಿಯ ಚಟ ಎಂದುಕೊಳ್ಳಬೇಡಿ. ನೌಕರಿ ಮಾಡಿದಷ್ಟೂ ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಮ್ಮೂರಿನ ಕೋಟೆಗೆ ಕರೆದುಕೊಂಡು ಹೋಗಿದ್ದೇನೆ. ಆನೆಗಳು ಗುದ್ದಬಾರದೆಂದು ಬಾಗಿಲಿಗೆ ಹೊಡೆದ ಕಬ್ಬಿಣದ ಮೊಳೆಗಳನ್ನು ತೋರಿಸಿದ್ದೇನೆ. ನಿಜಾಮನ ಕೈಕೆಳಗೆ ನವಾಬ ಇದ್ದದ್ದು, ಸಂತೆಯ ದಿನ ಅವನ ಜನ ಬುಟ್ಟಿಬುಟ್ಟಿಯಿಂದ ಹಿಡಿ ಕಾಳು ಎತ್ತುತ್ತಿದ್ದದ್ದು, ಕಚೇರಿಯಲ್ಲಿ ಉರ್ದು, ಬಜಾರಿನಲ್ಲಿ ಮರಾಠಿ, ಒಲೆಯ ಮುಂದೆ ಕನ್ನಡ ನಡೆಯುತ್ತಿದ್ದದ್ದು, ನಿಜಾಮನ ಪರವಾಗಿ ಹಳ್ಳಿಗಳ ಮೇಲೆ ಬೀಳುತ್ತಿದ್ದ ರಜಾಕಾರರ ಕಾಲ, ಪೊಲೀಸ್ ಕಾರ್ಯಾಚರಣೆ, ಹೈದರಾಬಾದ್ ರಾಜ್ಯ ಹೋಗಿ ಮೈಸೂರು ರಾಜ್ಯ ಆದದ್ದು, ಕಲ್ಯಾಣಿ ಎಂದಿದ್ದ ಊರು ಬಸವಕಲ್ಯಾಣ ಆದದ್ದು ಎಲ್ಲ ಹೇಳಿದ್ದೇನೆ. ಉಳಿದ ಮಕ್ಕಳು ಆಕಳಿಸುತ್ತಿದ್ದವು. ನನ್ನ ತಮ್ಮನ ಮಗಳು ಮಾತ್ರ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಮನೆಗೆ ಬಂದ ಮೇಲೂ "ಆಮ್ಯಾಲೇನಾತು ಅತ್ತಿ?" ಎಂದು ಸೆರಗು ಜಗ್ಗುತ್ತಿದ್ದಳು. ಇಂಥವಳು ಸಮುದ್ರದಾಚೆಯ ಊರಿಗೆ ಹೋದರೆ ಕೇಳದೆ ಬಿಡುವುದು ಹೇಗೆ?

ಭಾನುವಾರ ಸಂಜೆ ಫೋನು ಬರುತ್ತಿತ್ತು. ನಾನು ಸ್ಪೀಕರ್ ಹಾಕಿ ಕಟ್ಟೆಯ ಮೇಲೆ ಕೂರುತ್ತಿದ್ದೆ. ಹಾಸ್ಟೆಲು ಸೇರಲಿಲ್ಲ, ಒಂದು ಮನೆಯಲ್ಲಿ ಬಾಡಿಗೆಗಿದ್ದೇನೆ, ಮನೆಯೊಡತಿಯ ತಾಯಿ ಅವ್ವನ ವಯಸ್ಸಿನ ಮುದುಕಿ, ಊರಿನ ಹಳೆಯದೆಲ್ಲ ಆಕೆಗೆ ಗೊತ್ತು ಎಂದಳು. ಸ್ಪೇನಿನವರು ಗುಡ್ಡದ ಮೇಲೆ ಕಲ್ಲಿನ ಕೋಟೆ ಕಟ್ಟಿದ್ದನ್ನು ಹೇಳಿದಳು. ಕೋಟೆಯ ಬಾಗಿಲಿಗೆ ಕಬ್ಬಿಣದ ಮೊಳೆಗಳಿವೆ ಎಂದಳು.

"ಆನಿ ಗುದ್ದಬಾರದಂತೇನ? ನಮ್ಮಂಗೇ?" ಎಂದೆ.

"ಹೂಂ ಅತ್ತಿ, ಥೇಟ್ ನಮ್ಮಂಗೇ."

ಇನ್ನೊಂದು ವಾರ ಸಂತೆಯ ಸುದ್ದಿ. ಗುಡ್ಡದ ಜನ ಜೇನು, ಬಟ್ಟೆ ಹೊತ್ತುಕೊಂಡು ಇಳಿದು ಬರುತ್ತಿದ್ದರು, ಸ್ಪೇನಿನ ಅಧಿಕಾರಿಯ ಆಳುಗಳು ಬುಟ್ಟಿಬುಟ್ಟಿಗೂ ಕೈಹಾಕಿ ಎತ್ತುತ್ತಿದ್ದರು. ಅದರ ಮುಂದಿನ ವಾರ ಅಮೆರಿಕದವರು ಬಂದರು. ಕಚೇರಿಯಲ್ಲಿ ಒಂದು ಭಾಷೆ, ಮನೆಯಲ್ಲಿ ಒಂದು ಭಾಷೆ. ಆಮೇಲೆ ಜಪಾನಿನವರು. ನಾನು ಪ್ರತಿ ಸಲವೂ "ನಮ್ಮಂಗೇ ಅಲ್ಲ?" ಎನ್ನುತ್ತಿದ್ದೆ. ಎಷ್ಟು ದೂರದ ಊರು, ಎಷ್ಟು ಹತ್ತಿರದ ಬಾಳು ಎಂದು ನನಗೆ ಒಳಗೊಳಗೇ ಹಿಗ್ಗು.

ಫೋನಿನಲ್ಲಿ ಒತ್ತಿದರೆ ಎಲ್ಲ ಬರುತ್ತದಲ್ಲ, ನೋಡಲಿಲ್ಲವೇ ಎಂದು ಕೇಳುತ್ತೀರಿ. ನೋಡಿದ್ದೆ. ಸ್ಪೇನ್, ಅಮೆರಿಕ, ಜಪಾನ್, ಯುದ್ಧ, ಸ್ವಾತಂತ್ರ್ಯ, ಎಲ್ಲ ಅವಳು ಹೇಳಿದ ಸಾಲಿನಲ್ಲೇ ಇತ್ತು. ಆದರೆ ಯುದ್ಧದ ಕಾಲದಲ್ಲಿ ಒಂದು ಓಣಿಯವರು ಎಲ್ಲಿ ಅಡಗಿದರು, ಏನು ತಿಂದರು ಎಂಬುದು ಫೋನಿನಲ್ಲಿ ಎಲ್ಲಿ ಸಿಗಬೇಕು? ನಮ್ಮೂರಿನದೇ ಸಿಗುವುದಿಲ್ಲ. ಅದು ಜನರ ಬಾಯಲ್ಲಿರುತ್ತದೆ ಎಂದು ಮಕ್ಕಳಿಗೆ ಹೇಳುತ್ತ ಬಂದವಳೇ ನಾನು. ಮುದುಕಿಯ ಫೋಟೋ ಕಳಿಸು ಎಂದೂ ಕೇಳಿದ್ದೆ. ಆಕೆಗೆ ಫೋಟೋ ಅಂದರೆ ಆಗುವುದಿಲ್ಲ ಎಂದಳು. ನಮ್ಮ ಅವ್ವನಿಗೂ ಆಗುವುದಿಲ್ಲ. ನಂಬಿದೆ.

ಈಗ ಅವ್ವನ ಮಾತು ಹೇಳಬೇಕು.

ನಮ್ಮವ್ವ ಕೂಸುಗಳನ್ನು ಎತ್ತಿಕೊಳ್ಳುತ್ತಿರಲಿಲ್ಲ. ನಾನು, ತಮ್ಮ ಇಬ್ಬರೂ ದೊಡ್ಡವ್ವನ ಸೊಂಟದ ಮೇಲೆ ಬೆಳೆದವರು. ಅವ್ವ ಹಾಲು ಕೊಟ್ಟು ತಕ್ಷಣ ಇಳಿಸಿಬಿಡುತ್ತಿದ್ದಳಂತೆ. ಯಾರ ಮನೆಯ ಕೂಸು ಅತ್ತರೂ ಎದ್ದು ಒಳಗೆ ಹೋಗುತ್ತಿದ್ದಳು. ಮೊಮ್ಮಗಳು ಹುಟ್ಟಿದಾಗ ತಮ್ಮನ ಹೆಂಡತಿ ತೊಡೆಯ ಮೇಲೆ ಇಡಲು ಹೋದರೆ, ಕೈ ಹಿಂದೆ ಕಟ್ಟಿಕೊಂಡಳು. ಕಲ್ಲೆದೆಯವಳು ಎಂದು ಬೀಗರು ಆಡಿಕೊಂಡರು.

ಯಾಕೆಂದು ನನಗೆ ಒಂದೇ ಒಂದು ಸಲ ಹೇಳಿದ್ದಳು, ನನಗೆ ನೌಕರಿ ಸಿಕ್ಕ ಹೊಸತರಲ್ಲಿ, ಇಬ್ಬರೂ ಜೋಳ ಹಸನು ಮಾಡುತ್ತ ಕೂತಿದ್ದಾಗ.

ಅವ್ವನನ್ನು ಕೊಟ್ಟ ಊರು ಹುಲಸೂರಿನ ಕಡೆಯದು. ಅಲ್ಲಿ ಆಗ ಮನೆಮನೆಗೂ ಹಗೇವು ಇತ್ತು. ಒಣ ಕೆಂಪು ನೆಲದಲ್ಲಿ ಆಳವಾಗಿ ತೋಡಿದ ಜೋಳದ ಗುಂಡಿ ಅದು. ಬಾಯಿ ಒಬ್ಬರು ಇಳಿಯುವಷ್ಟು, ಒಳಗೆ ಕೋಣೆಯಷ್ಟು ಅಗಲ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕೆಳಗೆ ಗುಂಡಿ ಇದೆಯೆಂದು ಗೊತ್ತಾಗುವುದಿಲ್ಲ. ರಜಾಕಾರರು ಬರುತ್ತಿದ್ದಾರೆ ಎಂದು ಸುದ್ದಿ ಬಂದ ದಿನ ಓಣಿಯ ಹೆಂಗಸರು ಮಕ್ಕಳೆಲ್ಲ ಖಾಲಿ ಹಗೇವಿನಲ್ಲಿ ಇಳಿದರು. ಅವ್ವನ ಮಡಿಲಲ್ಲಿ ಹಾಲು ಕುಡಿಯುವ ಹೆಣ್ಣು ಕೂಸು, ಅವಳ ಮೊದಲನೆಯದು. ಮೇಲೆ ಕುದುರೆಗಳ ಸಪ್ಪಳ ಕೇಳಿದಾಗ ಅದು ಅಳಲು ಶುರುಮಾಡಿತು. ಯಾರೂ ಏನೂ ಅನ್ನಲಿಲ್ಲವಂತೆ. ಕತ್ತಲಲ್ಲೂ ಎಲ್ಲರೂ ತನ್ನನ್ನೇ ನೋಡುತ್ತಿದ್ದದ್ದು ತನಗೆ ಗೊತ್ತಾಗುತ್ತಿತ್ತು ಎಂದಳು. ಸೆರಗಿನಿಂದ ಕೂಸಿನ ಬಾಯಿ ಮುಚ್ಚಿದಳು. ಕುದುರೆಗಳು ಹೋದವು. ಸೆರಗು ತೆಗೆದಾಗ ಕೂಸು ಅಳಲಿಲ್ಲ.

ಕೆಲವೇ ತಿಂಗಳಲ್ಲಿ ಕಾಲ ತಿರುಗಿತು. ಭಾರತದ ಸೈನ್ಯ ಬಂದು ನಿಜಾಮ ಸೋತ ಪೊಲೀಸ್ ಕಾರ್ಯಾಚರಣೆಯ ಮೇಲೆ ಅದೇ ಊರಿನ ಮುಸಲ್ಮಾನರ ಹೆಂಗಸರು ಅದೇ ಹಗೇವಿನಲ್ಲಿ ಅಡಗಿದರು. ಅವ್ವ ಅವರಿಗೆ ಕೊಡದಲ್ಲಿ ನೀರು ಇಳಿಸಿದ್ದಳು. ಚರಿತ್ರೆ ಹೇಳುವವರು ಇದನ್ನೂ ಹೇಳಬೇಕು, ಅರ್ಧಕ್ಕೆ ನಿಲ್ಲಿಸಬಾರದು.

ಈ ಮಾತು ನಾನು ಒಬ್ಬಳಿಗೇ ಹೇಳಿದ್ದೆ. ತಮ್ಮನಿಗೂ ಹೇಳಿರಲಿಲ್ಲ. ಅವ್ವನನ್ನು ಆಯಿ ಎಂದು ಕರೆಯುತ್ತಿದ್ದ ಅವನ ಮಗಳು ಹತ್ತನೆಯ ಇಯತ್ತೆಯಲ್ಲಿದ್ದಾಗ, "ಆಯಿ ನನ್ನ ಯಾಕ ಮುಟ್ಟಂಗಿಲ್ಲ ಅತ್ತಿ? ನಾ ಅಂದ್ರ ಆಕಿಗಿ ಸೇರಂಗಿಲ್ಲೇನ?" ಎಂದು ಒಂದು ಮಧ್ಯಾಹ್ನ ಅಳುತ್ತ ಕೂತಳು. ಹೇಳದೆ ಇರಲಾಗಲಿಲ್ಲ. ಇಬ್ಬರೂ ಅತ್ತೆವು. ಇದು ಮನೆಯ ಮಾತು, ಹೊರಗೆ ಹೋಗಬಾರದು ಎಂದೆ. ಅವಳು ನನ್ನ ಕೈಮೇಲೆ ಕೈಯಿಟ್ಟು ಆಣೆ ಮಾಡಿದಳು.

ಆ ಭಾನುವಾರ ಫೋನು ಬಂದಾಗ ಅವಳ ದನಿ ತಗ್ಗಿತ್ತು. "ಅತ್ತಿ, ಇವತ್ತ ಇಲ್ಲಿ ಅಜ್ಜಿ ಒಂದು ಮಾತು ಹೇಳಿದ್ಳು," ಎಂದಳು. ಯುದ್ಧದ ಕೊನೆಯ ವರ್ಷ ಜಪಾನಿನ ಸೈನ್ಯ ನುಗ್ಗಿದ ದಿನ ಓಣಿಯ ಹೆಂಗಸರು ಕಾಳಿನ ಗುಂಡಿಯಲ್ಲಿ ಅಡಗಿದರು. ಅಜ್ಜಿಯ ಹೆಣ್ಣು ಕೂಸು ಅತ್ತಿತು. ಅಜ್ಜಿ ಅದರ ಬಾಯಿ ಮುಚ್ಚಿದಳು.

"ಇದು ನಮ್ಮ ಮನಿ ಕತಿ ಅಲ್ಲೇನ?" ಎಂದೆ. ನೇರವಾಗಿ ಕೇಳಿದ್ದೆ. ಆ ಹುಡುಗಿಗೆ ನಿಜ ಹೇಳಲು ನಾನೇ ಬಾಗಿಲು ತೆಗೆದುಕೊಟ್ಟಿದ್ದೆ.

"ಅದಕ್ಕ ನನಗೂ ಅಳು ಬಂತು ಅತ್ತಿ," ಎಂದಳು. "ಕುಂತಲ್ಲೇ ಆಯಿನ್ನೇ ಕಂಡಂಗಾತು."

ಎರಡು ದಿನ ನಾನು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೆ. ಮೂರನೆಯ ದಿನ ಅವ್ವನಿಗೆ ಊಟಕ್ಕೆ ಹಾಕಿ, ಎದುರು ಕೂತು ಹೇಳಿದೆ. ಸಮುದ್ರದಾಚೆ ಒಂದು ಊರಿದೆ, ಅಲ್ಲಿ ನಿನ್ನ ವಯಸ್ಸಿನ ಒಬ್ಬಾಕೆ ಇದ್ದಾಳೆ, ಆಕೆಗೂ ಹೀಗೆಯೇ ಆಗಿತ್ತು ಎಂದೆ. ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಬೈಯುತ್ತಾಳೆ ಎಂದುಕೊಂಡೆ.

"ಆಕಿಗೂ ಹೆಣ್ಣ ಕೂಸೇನ?" ಎಂದಳು.

"ಹೌದವ್ವಾ."

"ಆಮ್ಯಾಲ ಆಕಿ ಹ್ಯಾಂಗ ಇದ್ಳಂತ? ಉಂಡ್ಳೇನ? ಯಾರರೆ ಆಕಿ ಜೋಡಿ ಮಾತಾಡಿದ್ರೇನ?"

ನನಗೆ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆ ಎಂದೆ. ಮುಂದಿನ ಭಾನುವಾರ ಅವ್ವ ನನಗಿಂತ ಮೊದಲೇ ಕಟ್ಟೆಗೆ ಬಂದು ಗೋಡೆಗೆ ಬೆನ್ನು ಆನಿಸಿ ಕೂತಿದ್ದಳು.

ಅಲ್ಲಿಂದ ಮುಂದೆ ದಾವಾವ್‌ನ ಚರಿತ್ರೆ ನಿಂತುಹೋಯಿತು. ಸ್ಪೇನಿನವರನ್ನೂ ಅಮೆರಿಕದವರನ್ನೂ ಯಾರು ಕೇಳುತ್ತಾರೆ? ಅವ್ವನಿಗೆ ಬೇಕಾದದ್ದು ಆ ಮುದುಕಿ. ಆಕೆಯ ಮೊಣಕಾಲು ನೋವು ಹೇಗಿದೆ, ಆಕೆಗೆ ರಾತ್ರಿ ನಿದ್ದೆ ಬರುತ್ತದೆಯೇ, ಮಗಳು ಚೆನ್ನಾಗಿ ನೋಡಿಕೊಳ್ಳುತ್ತಾಳೆಯೇ? ಮೊಮ್ಮಗಳು ಎಲ್ಲಕ್ಕೂ ಉತ್ತರ ಕೊಡುತ್ತಿದ್ದಳು. "ಆಯಿ ಉಂಡಾಳೇನಂತ ಅಜ್ಜಿ ಕೇಳಾಕತ್ತಾಳ," ಎನ್ನುತ್ತಿದ್ದಳು. ಅವ್ವ ಫೋನಿನ ಹತ್ತಿರ ಬಾಗಿ, "ಉಂಡೇನಂತ ಹೇಳು. ಆಕಿಗೂ ಉಣ್ಣಾಕ ಹೇಳು," ಎನ್ನುತ್ತಿದ್ದಳು.

ಅದೇ ದಿನಗಳಲ್ಲಿ ಪಕ್ಕದ ಮನೆಯವರ ಮಗಳು ಬಾಣಂತನಕ್ಕೆ ಬಂದಿದ್ದಳು. ಒಂದು ಬೆಳಿಗ್ಗೆ ಕೂಸು ಒಂದೇ ಸಮ ಅಳುತ್ತಿತ್ತು. ಅವ್ವ ಎದ್ದು ಒಳಗೆ ಹೋಗುತ್ತಾಳೆ ಎಂದು ನಾನು ಬಾಗಿಲು ಸರಿಸಿ ದಾರಿ ಬಿಟ್ಟೆ. ಅವ್ವ ಹೋಗಲಿಲ್ಲ. "ತಾ ಇಲ್ಲಿ," ಎಂದು ಎರಡೂ ಕೈ ಚಾಚಿದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬೆನ್ನು ತಟ್ಟಿದಳು. ಪಕ್ಕದ ಮನೆಯವರಿಗೆ ಏನೂ ಗೊತ್ತಿಲ್ಲ, ಅಜ್ಜಿಯ ಕೈಗುಣ ಚಲೋ ಅದ ಎಂದು ನಕ್ಕರು. ನಾನು ಅಡಿಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಆ ಹೊತ್ತಿನಲ್ಲಿ ತಮ್ಮನ ಮಗಳು ಎದುರಿಗಿದ್ದರೆ ಅವಳ ಕಾಲಿಗೆ ಬೀಳುತ್ತಿದ್ದೆ.

ಹುಮನಾಬಾದಿನ ಒಂದು ಕಾಲೇಜಿನವರು ನನ್ನನ್ನು ಮಾತಿಗೆ ಕರೆದದ್ದು ಇದಾದ ಮೇಲೆ. ಬಸವಕಲ್ಯಾಣದ ಮೇಲೆ ಮಾತಾಡಿರಿ ಎಂದಿದ್ದರು. ಬಸವಕಲ್ಯಾಣವನ್ನೂ ದಾವಾವನ್ನೂ ಅಕ್ಕತಂಗಿಯರಂತೆ ಜೋಡಿಸಿ ಹೇಳುತ್ತೇನೆ ಎಂದೆ. ಸಂತೋಷದಿಂದ ಒಪ್ಪಿದರು. ಕೋಟೆಗೆ ಕೋಟೆ, ಸಂತೆಗೆ ಸಂತೆ, ಮೊಳೆ ಹೊಡೆದ ಬಾಗಿಲಿಗೆ ಮೊಳೆ ಹೊಡೆದ ಬಾಗಿಲು. ಕೊನೆಗೆ ದಾವಾವ್‌ನ ಮುದುಕಿಯ ಕಾಳಿನ ಗುಂಡಿ. ಅವ್ವನ ಮಾತು ತೆಗೆಯಲಿಲ್ಲ, ಆಣೆ ನನಗೂ ಇತ್ತು. ಆ ಮುದುಕಿಯ ಕೂಸಿನ ಮಾತು ಬಂದಾಗ ಸಭೆಯಲ್ಲಿ ಹೆಂಗಸರು ಕಣ್ಣೊರೆಸಿಕೊಂಡರು. ಚಪ್ಪಾಳೆಯೂ ಆಯಿತು.

ಚಹಾದ ಹೊತ್ತಿಗೆ ಒಂದು ಹುಡುಗಿ ತಾಯಿಯ ಜೊತೆ ನನ್ನ ಹತ್ತಿರ ಬಂದಳು. ಹಳ್ಳಿಖೇಡದ ಕಡೆಯವಳು. ದಾವಾವ್‌ನಲ್ಲೇ ಓದುತ್ತಿದ್ದಾಳೆ, ಕಡೆಯ ವರ್ಷ, ರಜೆಗೆ ಬಂದಿದ್ದಾಳೆ. ನನ್ನ ತಮ್ಮನ ಮಗಳ ಹಾಸ್ಟೆಲಿನಲ್ಲೇ ಇರುವುದು, ಎರಡು ಮಹಡಿ ಮೇಲೆ ಎಂದಳು.

"ಹಾಸ್ಟೆಲ್ ಅಲ್ಲವ್ವಾ. ಆಕಿ ಒಬ್ಬರ ಮನ್ಯಾಗ ಬಾಡಿಗಿಗಿ ಅದಾಳ," ಎಂದೆ.

ಹುಡುಗಿ ತಾಯಿಯ ಮುಖ ನೋಡಿದಳು. "ಇಲ್ರಿ ಅಕ್ಕೋರೆ," ಎಂದಳು. "ಬಂದಾಗಿನಿಂದ ಹಾಸ್ಟೆಲ್‌ನಾಗೇ ಅದಾಳ್ರಿ. ಕ್ಲಾಸಿಗಿ ಹೋಗ್ತಾಳ, ರೂಮಿಗಿ ಬರ್ತಾಳ, ಅಷ್ಟ. ಭಾಳ ಹೊರಗ ಬರಂಗಿಲ್ರಿ." ಆಮೇಲೆ ದನಿ ಇಳಿಸಿ, "ತಪ್ಪ ತಿಳ್ಕೋಬ್ಯಾಡ್ರಿ. ನೀವು ಹೇಳಿದ ಕೋಟಿ ನಾ ಎಲ್ಲೂ ನೋಡಿಲ್ರಿ. ಆ ದೇಶದಾಗ ಆನಿ ಎಲ್ಲಿವರಿ, ಬಾಗಲಕ್ಕ ಮೊಳಿ ಹೊಡ್ಯಾಕ?"

ಚಹಾದ ಲೋಟ ಕೈಯಲ್ಲೇ ಇತ್ತು. "ಮತ್ತ ಕಾಳಿನ ಗುಂಡಿ?" ಎಂದೆ.

"ಅಲ್ಲಿ ವರ್ಷಪೂರ್ತಿ ಮಳಿ ಬರ್ತದ್ರಿ. ನೆಲಾ ತೋಡಿದ್ರ ನೀರು. ಕಾಳು ಹಾಕಿದ್ರ ಕೊಳ್ತು ಹೋಗ್ತಾವ್ರಿ. ಹಗೇವು ನಮ್ಮ ಕಡಿ ಒಣ ನೆಲದಾಗ ಅಷ್ಟ ಆಗ್ತದ."

ಅವಳಿಗೆ ನನ್ನನ್ನು ಅವಮಾನಿಸುವ ಉದ್ದೇಶ ಇರಲಿಲ್ಲ. ನನ್ನ ಮುಖ ನೋಡಿ ಪಾಪ ಅನಿಸಿ, ತನಗೆ ಗೊತ್ತಿದ್ದ ನಿಜವಾದ ದಾವಾವ್ ಹೇಳಿದಳು. ಸ್ಪೇನಿನವರು ಉಳಿದ ದ್ವೀಪಗಳನ್ನು ಹಿಡಿದು ಶತಮಾನಗಳಾದ ಮೇಲೆ ಅಲ್ಲಿಗೆ ಬಂದರಂತೆ. ಅಮೆರಿಕದವರ ಕಾಲದಲ್ಲಿ ಜಪಾನಿನ ಕೂಲಿಗಳು ಬಂದು, ಬಾಳೆಯ ಜಾತಿಯ ಒಂದು ಗಿಡ ಬೆಳೆದು, ಅದರ ನಾರಿನಿಂದ ಹಗ್ಗ ಮಾಡಿಸಿ ಊರು ಬೆಳೆಸಿದರಂತೆ. ಯುದ್ಧ ಬಂದಾಗ ಜಪಾನಿನ ಬಾಂಬುಗಳೇ ಆ ಊರಿನ ಮೇಲೆ ಬಿದ್ದವು. ಯುದ್ಧ ಮುಗಿದ ಮೇಲೆ ಅಲ್ಲೇ ನೆಲೆಸಿದ್ದ ಜಪಾನಿನವರನ್ನು ಹಡಗು ಹತ್ತಿಸಿ ಕಳಿಸಿದರು, ಬೇರೆ ದ್ವೀಪದವರು ಬಂದು ಹೊಲ ಮಾಡಿದರು. ಈಗ ದೊಡ್ಡ ದೊಡ್ಡ ಮಾಲುಗಳು, ದಾರಿಯುದ್ದಕ್ಕೂ ಹಣ್ಣಿನ ಅಂಗಡಿಗಳು. ಒಳ್ಳೆಯ ಚರಿತ್ರೆ. ಯಾರ ಹಂಗೂ ಇಲ್ಲದ, ತನ್ನದೇ ಆದ ಚರಿತ್ರೆ. ಅದನ್ನು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಬಸ್ಸಿನಲ್ಲಿ, ನಮ್ಮೂರಿನ ಕಡೆ ತಿರುಗುವ ಬಂಗ್ಲಾ ಕ್ರಾಸ್ ಬರುವವರೆಗೂ, ನನ್ನ ಮನಸ್ಸು ಒಂದೊಂದನ್ನೇ ಬಿಚ್ಚುತ್ತ ಹೋಯಿತು. ಮೊಳೆಯ ಬಾಗಿಲು ನಾನು ತೋರಿಸಿದ್ದು. ಬುಟ್ಟಿಯ ಹಿಡಿ ಕಾಳು ನಾನು ಹೇಳಿದ್ದು. ನನ್ನ ಪಾಠವನ್ನೇ ಹೊಸ ಬಟ್ಟೆ ತೊಡಿಸಿ ನನಗೇ ಒಪ್ಪಿಸಿದ್ದಳು. ಅದನ್ನು ನಾನು ಹೇಗೋ ನಕ್ಕು ಮರೆಯುತ್ತಿದ್ದೆ, ಕಳ್ಳಿ, ನನ್ನ ತಲೆಗೇ ಟೋಪಿ ಹಾಕಿದಳು ಎಂದು ಎಲ್ಲರಿಗೂ ಹೇಳಿ ನಗಿಸುತ್ತಿದ್ದೆ. ಹಗೇವನ್ನು ಏನು ಮಾಡಲಿ? ಸಭೆಯ ಮುಂದೆ ನಿಂತು ನಾನು ಹೇಳಿದ್ದು ನನ್ನವ್ವನ ಕೂಸಿನ ಸಾವು. ಬೇರೆ ಯಾರದೋ ಎಂದುಕೊಂಡು, ಮೈಕಿನಲ್ಲಿ, ಚಪ್ಪಾಳೆ ಗಿಟ್ಟಿಸಿ.

ಮನೆಗೆ ಬಂದವಳೇ ಮಾಳಿಗೆ ಹತ್ತಿದೆ. ಅವ್ವನ ಕಿವಿಗೆ ಬೀಳಬಾರದು. ಫೋನು ಹಚ್ಚಿ, "ನೀ ಇರೋದು ಎಲ್ಲಿ?" ಎಂದೆ.

ಅವಳಿಗೆ ತಕ್ಷಣ ಗೊತ್ತಾಯಿತು. "ಹಾಸ್ಟೆಲ್‌ನಾಗ," ಎಂದಳು.

"ಆ ಮುದುಕಿ?"

"ಯಾರೂ ಇಲ್ಲ ಅತ್ತಿ."

ಬಾಯಿಗೆ ಬಂದದ್ದೆಲ್ಲ ಬೈದೆ. ಅವಳು ತಡೆಯಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಹೇಳಿದಳು: "ನಾ ಇಲ್ಲಿ ಎಲ್ಲಿಗೂ ಹೋಗಂಗಿಲ್ಲ ಅತ್ತಿ. ನನಗ ಅಂಜಿಕಿ ಬರ್ತದ. ನೀ ವಾರವಾರ ಕೇಳ್ತಿದ್ದಿ. ಖಾಲಿ ಕೈಲೆ ನಿನ್ನ ಜೋಡಿ ಹ್ಯಾಂಗ ಮಾತಾಡ್ಲಿ? ನಮ್ಮಂಗೇ ಏನು ಅಂತ ನೀನ ಕೇಳ್ತಿದ್ದಿ, ನಾ ಹೂಂ ಅಂತಿದ್ದೆ."

"ಕೋಟಿ ಹಾಳಾಗಿ ಹೋಗಲಿ. ಆಯಿ ಮಾತು ಯಾಕ ತೆಗದಿ?"

ಒಂದು ದೊಡ್ಡ ಕಾರಣ ಇರಬೇಕು ಎಂದು ನಾನು ಕಾಯುತ್ತಿದ್ದೆ. ಆಯಿಯ ಮೇಲಿನ ಪ್ರೀತಿಗೆ, ಒಳಗಿನ ಸಂಕಟಕ್ಕೆ, ಏನಾದರೂ ಒಂದಕ್ಕೆ ಎಂದು ಹೇಳಲಿ, ನಂಬಲು ಸಿದ್ಧಳಿದ್ದೆ.

"ಆ ವಾರ ಪರೀಕ್ಷಾ ಇತ್ತು ಅತ್ತಿ," ಎಂದಳು. "ಬ್ಯಾರೆ ಏನೂ ಹೊಳೀಲಿಲ್ಲ."

ಅಷ್ಟೇ. ಬೇರೆ ಏನೂ ಹೊಳೆಯಲಿಲ್ಲ. ನನ್ನವ್ವ ಜೀವಮಾನವಿಡೀ ಯಾರ ಕೂಸನ್ನೂ ಮುಟ್ಟದೆ ಕಳೆದದ್ದು ಒಂದು ಭಾನುವಾರದ ಹೊತ್ತು ತುಂಬಲು ಖರ್ಚಾಯಿತು. ಅವಳು ಅಳುತ್ತ, "ಆಯಿಗಿ ಚಲೋನೇ ಆತಲ್ಲ ಅತ್ತಿ? ಕೂಸು ಎತ್ಕೊಂಡ್ಳಲ್ಲ?" ಎಂದಾಗ ನನ್ನ ಮೈಯೆಲ್ಲ ಉರಿದುಹೋಯಿತು. ನಾನೇ ಸಂತೋಷದಿಂದ ಹೇಳಿದ್ದನ್ನು ತೆಗೆದು ತನ್ನ ತಪ್ಪಿಗೆ ತೇಪೆ ಹಚ್ಚುತ್ತಿದ್ದಳು. "ಇನ್ನ ಮುಂದ ಫೋನ್ ಹಚ್ಚಬ್ಯಾಡ," ಎಂದು ಇಟ್ಟುಬಿಟ್ಟೆ. ಇದನ್ನು ಬರೆಯುವವರೆಗೂ ಅವಳ ದನಿ ಕೇಳಿಲ್ಲ. ಕೇಳಬೇಕೆಂದು ಅನಿಸಿಯೂ ಇಲ್ಲ, ಅನಿಸಿದರೂ ಒಪ್ಪಿಕೊಳ್ಳುವುದಿಲ್ಲ.

ಆದರೆ ಭಾನುವಾರ ಬಂತಲ್ಲ. ಅವ್ವ ಸಂಜೆಗೆ ಮುಂಚೆಯೇ ಮುಖ ತೊಳೆದು, ಹಣೆಗೆ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಆ ಮುದುಕಿಯ ಮೊಣಕಾಲಿಗೆ ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟಲು ಹೇಳಬೇಕು, ನೆನಪು ಮಾಡು ಎಂದು ಬೆಳಿಗ್ಗೆಯಿಂದ ನನ್ನ ತಲೆ ತಿಂದಿದ್ದಳು. ನಾನು ವಾರವಿಡೀ ಯೋಚಿಸಿ ನಿಜ ಹೇಳುವುದೆಂದು ನಿರ್ಧರಿಸಿದ್ದೆ. ಇಷ್ಟು ವರ್ಷ ಯಾವ ಮಗುವಿಗೂ ಸುಳ್ಳು ಪಾಠ ಹೇಳಿದವಳಲ್ಲ, ಅವ್ವನಿಗೆ ಹೇಳುವುದುಂಟೆ? ಪಕ್ಕಕ್ಕೆ ಕೂತೆ. ಆಕೆ ಇಲ್ಲ, ಎಂದೂ ಇರಲಿಲ್ಲ, ಲೋಕದಲ್ಲಿ ನೀನೊಬ್ಬಳೇ ಎಂದು ಯಾವ ಬಾಯಿಂದ ಹೇಳಲಿ?

ಫೋನು ಬರುವ ಹೊತ್ತು ಮೀರಿತು. ಅವ್ವ ನನ್ನ ಉಸಿರನ್ನೇ ಕೇಳಿಸಿಕೊಳ್ಳುತ್ತಿದ್ದಳು.

"ಯಾಕ ಸುಮ್ನ ಕುಂತಿ?" ಎಂದಳು. "ಆಕಿ ಸತ್ಳೇನ?"

"ಹೂಂ," ಎಂದೆ.

ನಿಜ ಹೇಳಲು ಬಂದವಳು ಆ ಒಂದು ಹೂಂನಲ್ಲಿ ಸುಳ್ಳು ಹೇಳಿಬಿಟ್ಟೆ. ತಮ್ಮನ ಮಗಳು ಹುಟ್ಟಿಸಿಕೊಟ್ಟ ಮುದುಕಿಯನ್ನು ನಾನು ಕೊಂದೆ.

ಅವ್ವ ಅಳಲಿಲ್ಲ. ಗೋಡೆ ಹಿಡಿದು ಎದ್ದಳು. "ನೀರ ಕಾಸು," ಎಂದಳು. ನಮ್ಮಲ್ಲಿ ಸಾವಿನ ಸುದ್ದಿ ಬಂದರೆ ತಲೆಯ ಮೇಲೆ ನೀರು ಹಾಕಿಕೊಳ್ಳುವುದು ರಕ್ತಸಂಬಂಧಕ್ಕೆ ಮಾತ್ರ. ಆದರೂ ಕಾಸಿದೆ. ಬಚ್ಚಲಿನಲ್ಲಿ ಮಣೆಯ ಮೇಲೆ ಕೂರಿಸಿ, ಬಿಳಿ ಕೂದಲು ಬಿಚ್ಚಿ, ಒಂದು ತಂಬಿಗೆ ಹಾಕಿದೆ. ಇಷ್ಟೇ ತಾನೆ ಎಂದು ತಂಬಿಗೆ ಕೆಳಗಿಟ್ಟೆ. ಅವ್ವ ತಲೆ ಎತ್ತಲಿಲ್ಲ.

"ಇದು ಆಕಿಗಿ ಆತು," ಎಂದಳು. "ಇನ್ನೊಂದು ಹಾಕು. ನನ್ನ ಕೂಸಿಗಿ ಅವತ್ತ ಯಾರೂ ಹಾಕ್ಲಿಲ್ಲ."